ಮೂವತ್ತಾರರ ಹೊರಗೆ ನಿಂತವರು

ಕಳೆದ ತಿಂಗಳು ಹೊಸಪೇಟೆಯ ಕಲ್ಯಾಣ ಮಂಟಪವೊಂದರಲ್ಲಿ ಅವರ ಶ್ರದ್ಧಾಂಜಲಿ ಸಭೆ ನಡೆಯಿತು. ಹಾರ ಹಾಕಿದ ಭಾವಚಿತ್ರದ ಪಕ್ಕದಲ್ಲಿ ನಿಂತು ಎಂಟು ಜನ ಮಾತನಾಡಿದರು. ಎಂಟೂ ಜನರ ಮಾತಿನ ಸಾರ ಒಂದೇ: ನಾಲ್ಕು ದಶಕಗಳ ಕಾಲ ಈ ಸೀಮೆಯ ಮದುವೆಗಳ ಚಿತ್ರ ತೆಗೆದ ಈ ಮನುಷ್ಯ ತಮ್ಮ ಕ್ಯಾಮೆರಾದ ಎದುರು ಬಂದು ನಿಂತ ಒಬ್ಬರಿಗೂ ಇಲ್ಲವೆನ್ನಲಿಲ್ಲ. ಬಡವ ಬಲ್ಲಿದ ಎನ್ನದೆ ಎಲ್ಲರ ಮುಖಕ್ಕೂ ಬೆಳಕು ಚೆಲ್ಲಿದರು ಎಂದು ಕೊನೆಯ ಭಾಷಣಕಾರರು ಹೇಳಿದಾಗ, ಅದು ಶ್ರದ್ಧಾಂಜಲಿ ಸಭೆಯೆಂಬುದನ್ನೂ ಮರೆತು ಕೆಲವರು ಚಪ್ಪಾಳೆ ತಟ್ಟಿದರು. ಎರಡನೆಯ ಸಾಲಿನಲ್ಲಿ ಕುಳಿತಿದ್ದ ನಾನು ಕೈಗಳನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದೆ. ಆ ಮಾತು ಸುಳ್ಳೆಂಬ ಕಾರಣಕ್ಕಲ್ಲ. ಅದು ಅಕ್ಷರಶಃ ನಿಜ. ನಿಜವಾದ ಮಾತೊಂದು ಇಷ್ಟು ಸಿಟ್ಟು ತರಿಸಬಲ್ಲದೆಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ.

ಸಭೆ ಮುಗಿದ ಮೇಲೆ ಸಂಘಟಕರೊಬ್ಬರು ನನ್ನ ಹೆಗಲ ಮೇಲೆ ಕೈ ಹಾಕಿದರು. "ಸರ್, ನೀವು ಓದಿದೋರು. ಅವರ ಪಕ್ಕದಾಗ ಆರು ವರ್ಷ ಇದ್ದೋರು. ನೆನಪಿನ ಸಂಚಿಕೆಗೆ ನಾಕು ಒಳ್ಳೆ ಮಾತು ಬರದ್ ಕೊಡ್ರಿ" ಎಂದರು. ಒಪ್ಪಿಕೊಂಡು ಬಂದೆ. ಬರೆಯಲು ಕುಳಿತರೆ ಬರುತ್ತಿರುವುದು ಇದು. ಅವರ ಸಂಚಿಕೆಗೆ ಇದು ಸಲ್ಲದೆಂದು ಬಲ್ಲೆ. ಹೆಸರನ್ನು ಬರೆಯುವುದಿಲ್ಲ. ಊರೆಲ್ಲ ಅವರನ್ನು ಫೋಟೋದಣ್ಣ ಎನ್ನುತ್ತಿತ್ತು, ಇಲ್ಲಿಯೂ ಅಷ್ಟೇ ಸಾಕು.

ನಾನು ಪದವಿ ಮುಗಿಸಿ, ಸರ್ಕಾರಿ ನೌಕರಿಯ ಕರೆಗಾಗಿ ಕಾಯುತ್ತಿದ್ದ ವರ್ಷಗಳವು. ಹೊಸಪೇಟೆಯಲ್ಲಿ ಮಹಡಿಯ ಮೇಲಿದ್ದ ಟೈಪಿಂಗ್ ತರಗತಿಯೊಂದರಲ್ಲಿ ಕಲಿಸುತ್ತಿದ್ದೆ. ಅದೇ ಮಹಡಿಯಲ್ಲಿ ಅವರ ಸ್ಟುಡಿಯೋ. ನಡುವೆ ಒಂದು ಪ್ಲೈವುಡ್ ಗೋಡೆ ಮಾತ್ರ. ನಮ್ಮ ಹತ್ತು ಯಂತ್ರಗಳ ಟಕಟಕ ಅವರಿಗೆ, ಅವರ ದನಿ ನಮಗೆ ಇಡೀ ದಿನ ಕೇಳುತ್ತಿತ್ತು. "ಗದ್ದ ಸೊಲ್ಪ ಕೆಳಗ... ಭಾಳ ಆತು, ಮ್ಯಾಲೆ... ಹಾಂ. ಉಸಿರು ಹಿಡೀರಿ. ಬಿಡ್ರಿ." ಮಕ್ಕಳು ಅತ್ತರೆ ತಾವೂ ಅಳುವಂತೆ ನಟಿಸಿ ನಗಿಸುತ್ತಿದ್ದರು. ಎತ್ತರದ ಆಳು, ಬೆನ್ನು ತುಸು ಬಾಗಿತ್ತು. ಅಂಗಿಯ ಜೇಬಿನಲ್ಲಿ ಬಾಚಣಿಗೆ ಮತ್ತು ಪೌಡರಿನ ಪುಟ್ಟ ಡಬ್ಬಿ ಸದಾ ಇರುತ್ತಿದ್ದವು. ಅವು ಅವರಿಗಾಗಿ ಅಲ್ಲ, ಬಂದವರಿಗಾಗಿ. ಬಲಗೈ ಹೆಬ್ಬೆರಳಿನ ಪಕ್ಕದಲ್ಲಿ ಫಿಲಂ ಮುಂದಕ್ಕೆ ಸರಿಸುವ ಪುಟ್ಟ ಸನ್ನೆಕೋಲನ್ನು ಎಳೆದೆಳೆದು ಗಂಟು ಕಟ್ಟಿತ್ತು. ಚಹಾದ ಲೋಟ ಹಿಡಿದಾಗಲೂ ಆ ಬೆರಳು ಇಲ್ಲದ ಸನ್ನೆಕೋಲೊಂದನ್ನು ಎಳೆಯುತ್ತಲೇ ಇರುತ್ತಿತ್ತು.

ಅವರು ಒಳ್ಳೆಯ ಕಸುಬುದಾರರು. ಇದನ್ನು ನಾನು ತೂಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ಮುಂದಿನ ಮಾತುಗಳನ್ನು ಓದಿದವರು ನನ್ನನ್ನು ಕೃತಘ್ನನೆಂದು ಕರೆಯುವುದು ಸುಲಭವಾಗಬಾರದು.

ಮಧ್ಯಾಹ್ನ ಗಿರಾಕಿಗಳಿಲ್ಲದ ವೇಳೆಯಲ್ಲಿ ಕ್ಯಾಮೆರಾ ಹಿಡಿದು ನಮ್ಮ ಕಡೆ ಬರುತ್ತಿದ್ದರು. ಅದರ ನೆತ್ತಿಯ ಮೇಲೆ, ಸನ್ನೆಯ ಪಕ್ಕದಲ್ಲಿ, ಬೆರಳುಗುರಿನಷ್ಟು ಅಗಲದ ಗಾಜಿನ ಕಿಂಡಿ. ಅದರಡಿಯಲ್ಲಿ ಅಂಕಿಗಳ ಚಕ್ರ. ಪ್ರತಿ ಸಲ ಸನ್ನೆ ಎಳೆದಾಗ ಅದು ಒಂದು ಹೆಜ್ಜೆ ಸರಿದು, ಎಷ್ಟು ಚಿತ್ರ ಆಯಿತೆಂದು ತೋರಿಸುತ್ತಿತ್ತು. ಒಂದರಿಂದ ಮೂವತ್ತಾರು. ಹಿಂಬದಿಯ ಮುಚ್ಚಳ ತೆರೆದರೆ ತಾನಾಗಿ ಮೊದಲಿನ ಸ್ಥಾನಕ್ಕೆ ಮರಳುತ್ತಿತ್ತು. ಅವರ ಗುರುಗಳ ಬಳಿ ಇದ್ದ ಹಳೆಯ ಕ್ಯಾಮೆರಾದಲ್ಲಿ ಎಣಿಕೆ ತಿರುಗುಮುರುಗಾಗಿತ್ತಂತೆ. ಫಿಲಂ ತುಂಬಿದಾಗ ಕೈಯಿಂದಲೇ ಮೂವತ್ತಾರಕ್ಕೆ ತಿರುಗಿಸಿ ಇಡಬೇಕು. ಒಂದೊಂದು ಚಿತ್ರಕ್ಕೆ ಒಂದೊಂದು ಅಂಕಿ ಕಡಿಮೆಯಾಗುತ್ತ ಎಷ್ಟು ಉಳಿದಿದೆಯೆಂದು ತೋರಿಸುತ್ತಿತ್ತು. "ಅದ ಖರೇ ಲೆಕ್ಕ ನೋಡ್ರಿ ಮಾಸ್ತರ" ಎನ್ನುತ್ತಿದ್ದರು. "ಎಷ್ಟು ತೆಗದೆ ಅನ್ನೋದು ಮದುವಿ ಮನಿಯೋರಿಗೆ. ಎಷ್ಟು ಉಳದೈತಿ ಅನ್ನೋದು ನಮಗ."

ಆದರೂ ಅವರು ಆ ಕಿಂಡಿಯನ್ನು ನಂಬುತ್ತಿರಲಿಲ್ಲ. ಕಸುಬಿನ ಮೊದಲ ವರ್ಷ ಮಲಪನಗುಡಿಯ ಮದುವೆಯೊಂದರಲ್ಲಿ ಫಿಲಂನ ತುದಿ ಒಳಗಿನ ಚಕ್ರದ ಹಲ್ಲಿಗೆ ಸಿಕ್ಕದೆ ಜಾರಿತ್ತು. ಒಳಗೆ ಫಿಲಂ ನಿಂತಲ್ಲೇ ನಿಂತಿದೆ, ಮೇಲೆ ಅಂಕಿ ಮಾತ್ರ ಸರಿಯಾಗಿ ಮುಂದೆ ಹೋಗುತ್ತಿದೆ. ತಾಳಿ, ಅಕ್ಷತೆ, ಸಪ್ತಪದಿ ಎಲ್ಲ ಆದವು. ಮೂವತ್ತಾರು ದಾಟಿದ ಮೇಲೂ ಸನ್ನೆ ತಡೆಯಿಲ್ಲದೆ ಎಳೆಯಲು ಬಂದಾಗಲೇ ಅವರಿಗೆ ತಿಳಿದದ್ದಂತೆ. ಆ ಹುಡುಗಿಯ ಮದುವೆಯ ಒಂದು ಚಿತ್ರವೂ ಇಲ್ಲ. ಅಂದಿನಿಂದ ಅವರು ಬಲಗಡೆ ಸನ್ನೆ ಎಳೆಯುವಾಗ ಕಣ್ಣನ್ನು ಎಡಗಡೆಯ ಗುಂಡಿಯ ಮೇಲಿಡುತ್ತಿದ್ದರು. ಅದು ತಿರುಗಿದರೆ ಮಾತ್ರ ಒಳಗೆ ಫಿಲಂ ಸರಿದಿದೆ ಎಂದರ್ಥ. "ಆ ಮನಿ ಮುಂದ ಇವತ್ತಿಗೂ ಹಾಯಂಗಿಲ್ಲ ನಾನು" ಎಂದಿದ್ದರು. ಒಬ್ಬ ಹೆಣ್ಣುಮಗಳ ಚಿತ್ರ ಕಳೆದುಹೋದದ್ದಕ್ಕೆ ಬೀದಿಯನ್ನೇ ಬದಲಿಸಿದ ಮನುಷ್ಯ ಅವರು. ಆದ್ದರಿಂದಲೇ ಅವರಿಗೆ ಗೊತ್ತಿರಲಿಲ್ಲ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಅವರಿಗೆ ಎಲ್ಲ ಗೊತ್ತಿತ್ತು.

ಆಗೆಲ್ಲ ಮದುವೆಯ ಚಿತ್ರಗಳನ್ನು ರೋಲಿನ ಲೆಕ್ಕದಲ್ಲಿ ಗೊತ್ತು ಮಾಡುತ್ತಿದ್ದರು. ಎರಡು ರೋಲಿನ ಮದುವೆ, ಮೂರು ರೋಲಿನ ಮದುವೆ. ಅರಿಶಿಣದಿಂದ ಹೆಣ್ಣೊಪ್ಪಿಸುವವರೆಗೆ ಅಷ್ಟರಲ್ಲೇ ಮುಗಿಯಬೇಕು. ಆದರೆ ವೇದಿಕೆ ಹತ್ತಿದವರೆಲ್ಲರಿಗೂ ಮದುಮಕ್ಕಳ ಪಕ್ಕ ನಿಂತು ಚಿತ್ರ ತೆಗೆಸಿಕೊಳ್ಳುವ ಆಸೆ. ತೆಗೆಯದಿದ್ದರೆ ಅವಮಾನ, ಜಗಳ. ಇದಕ್ಕೆ ಈ ಕಸುಬಿನವರು ಕಂಡುಕೊಂಡ ಉಪಾಯವೊಂದಿತ್ತು. ಕ್ಯಾಮೆರಾದ ತಲೆಯ ಮೇಲೆ ಕೂರಿಸುವ ಫ್ಲ್ಯಾಶಿನ ಬೆನ್ನಿನಲ್ಲಿ ಅದನ್ನು ಪರೀಕ್ಷಿಸಿ ನೋಡಲೆಂದೇ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಬೆಳಕು ಮಾತ್ರ ಸಿಡಿಯುತ್ತದೆ. ಕ್ಯಾಮೆರಾದ ಕಣ್ಣು ತೆರೆಯುವುದಿಲ್ಲ, ಫಿಲಂ ಸರಿಯುವುದಿಲ್ಲ, ಕಿಂಡಿಯ ಅಂಕಿ ಇದ್ದಲ್ಲೇ ಇರುತ್ತದೆ. ಎದುರಿಗೆ ನಿಂತವರು ಬೆಳಕು ಕಂಡು, ಕಣ್ಣು ಮಿಟುಕಿಸಿ, ತಾವು ಚಿತ್ರದಲ್ಲಿ ಸೇರಿದೆವೆಂದು ಸಂತೋಷದಿಂದ ಇಳಿದುಹೋಗುತ್ತಾರೆ. ಅದನ್ನು ಅವರು "ಬರೀ ಬೆಳಕು ಹೊಡಿಯೋದು" ಎನ್ನುತ್ತಿದ್ದರು.

ಯಾರಿಗೆ ಚಿತ್ರ, ಯಾರಿಗೆ ಬರೀ ಬೆಳಕು? ಒಮ್ಮೆ ಕೇಳಿದ್ದೆ.

"ಮುಖ ನೋಡಬಾರದ್ರೀ" ಎಂದರು. "ಮುಖಕ್ಕ ಪೌಡರ್ ಹಚ್ಕೊಂಡ್ ಬಂದಿರ್ತಾರ, ಸೀರಿ ಎರವಲು ತಂದಿರ್ತಾರ, ಗೊತ್ತಾಗಂಗಿಲ್ಲ. ಕಾಲು ನೋಡಬೇಕು. ಅದಿರಿನ ಯಾರ್ಡಿನೋರು ಇರ್ತಾರಲ್ಲ, ಎಷ್ಟ ತಿಕ್ಕಿ ತೊಳಕೊಂಡ್ರೂ ಹಿಮ್ಮಡಿ ಬಿರುಕಿನ್ಯಾಗ ಕೆಂಪು ಹೋಗಂಗಿಲ್ಲ. ಕೆಂಪು ಕಾಲು ಬಂತು ಅಂದ್ರ, ಬರೀ ಬೆಳಕು."

ನನ್ನ ವಿದ್ಯಾರ್ಥಿಗಳು ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಬೂಟು ಮತ್ತು ಕಾಲುಚೀಲ ಹಾಕಿಕೊಂಡು ನಕ್ಕೆ. ನನ್ನ ಅವ್ವ ಗಾದಿಗನೂರಿನ ಹತ್ತಿರದ ಯಾರ್ಡಿನಲ್ಲಿ ಕಬ್ಬಿಣದ ಅದಿರಿನ ಗಡ್ಡೆಗಳನ್ನು ಸುತ್ತಿಗೆಯಿಂದ ಒಡೆಯುತ್ತಿದ್ದಳು ಎಂಬುದು ಆ ಮಹಡಿಯ ಮೇಲೆ ಯಾರಿಗೂ ತಿಳಿದಿರಲಿಲ್ಲ. ತಿಳಿಯದಂತೆ ನೋಡಿಕೊಂಡಿದ್ದೆ.

ನನಗೆ ಅವರು ಮಾಡಿದ ಉಪಕಾರವನ್ನೂ ಹೇಳಬೇಕು. ಮೊದಲ ಅರ್ಜಿಗೆ ಭಾವಚಿತ್ರ ಬೇಕಾದಾಗ ತಮ್ಮ ಸ್ವಂತ ಕೋಟನ್ನು ತಂದು ತೊಡಿಸಿದರು, ಟೈ ಕಟ್ಟಿದರು, ಬಾಚಣಿಗೆಯಿಂದ ಬೈತಲೆ ಸರಿಮಾಡಿದರು. ಮೊದಲನೆಯದರಲ್ಲಿ ನನ್ನ ಕಣ್ಣು ಹೆದರಿದಂತೆ ಬರಬಹುದೆಂದು ಮತ್ತೊಂದು ತೆಗೆದರು, ಅದೂ ಮನಸ್ಸಿಗೆ ಬಾರದೆ ಇನ್ನೊಂದು. ಮೂವತ್ತಾರರಲ್ಲಿ ಮೂರು ನನ್ನೊಬ್ಬನ ಮುಖಕ್ಕೆ ಹೋದವು. ಆ ಚಿತ್ರದಲ್ಲಿ ನಾನು ಸಾಹೇಬನಂತೆಯೇ ಇದ್ದೇನೆ. ಅದು ಕಾಲು ಕಾಣದ ಚಿತ್ರ.

ಸಂಡೂರಿನ ಮದುವೆ ನಡೆದದ್ದು ಅದಾದ ಮರುವರ್ಷ. ಅವ್ವನ ಯಾರ್ಡಿನ ಮೇಸ್ತ್ರಿಯ ಮಗಳ ಮದುವೆ. ಮೇಸ್ತ್ರಿ ಎಂದರೆ ಕೂಲಿಯವರನ್ನು ಕೂಡಿಸಿ ಕೆಲಸಕ್ಕೆ ಹಚ್ಚುವವರು. ಆ ಹೊತ್ತಿಗೆ ಜೀಪು ಕೊಳ್ಳುವ ಮಟ್ಟಕ್ಕೆ ಬಂದಿದ್ದರು. ಆಮಂತ್ರಣ ಪತ್ರಿಕೆಯ ಕನ್ನಡ ತಿದ್ದಿಕೊಟ್ಟಿದ್ದರಿಂದ ನನ್ನನ್ನು ಬೇರೆಯಾಗಿಯೇ ಕರೆದಿದ್ದರು. ನಾನು ಬಿಳಿ ಅಂಗಿ ತೊಟ್ಟು ಗಂಡಿನ ಕಡೆಯ ಶಿಕ್ಷಕರೊಬ್ಬರ ಜೊತೆ ಕುಳಿತು ಗ್ರಾಂಥಿಕ ಭಾಷೆಯಲ್ಲಿ ಮಾತನಾಡುತ್ತಿದ್ದೆ. ಅವ್ವ ಮತ್ತು ಅವಳ ಜೊತೆಗಾತಿಯರು ಎಂಟು ಜನ ಹಿಂದಿನ ಸಾಲಿನಲ್ಲಿ ಗುಂಪಾಗಿ ಕುಳಿತಿದ್ದರು. ಅವರು ವೇದಿಕೆ ಹತ್ತಿದಾಗ ಫೋಟೋದಣ್ಣ ಮೊದಲು ಕೆಳಗೆ ನೋಡಿದರು. ಅವ್ವನನ್ನು ಅವರು ಎಂದೂ ಕಂಡಿರಲಿಲ್ಲ. ನಾನು ಮೂರು ಮಾರು ದೂರದಲ್ಲಿದ್ದೆ. ಅವರ ತೋರುಬೆರಳು ಕ್ಯಾಮೆರಾದ ಗುಂಡಿಯನ್ನು ಬಿಟ್ಟು ಫ್ಲ್ಯಾಶಿನ ಹಿಂದಕ್ಕೆ ಹೋಯಿತು.

ಬೆಳಕು ಸಿಡಿಯಿತು.

ಅವ್ವನ ಪಕ್ಕದಲ್ಲಿ ಹುಲಿಗೆಮ್ಮ ನಿಂತಿದ್ದಳು. ಅವ್ವನ ಜೀವದ ಗೆಳತಿ. ಹನ್ನೆರಡು ವರ್ಷ ಎದುರುಬದುರು ಕುಳಿತು ಒಂದೇ ಗುಡ್ಡೆಯ ಅದಿರು ಒಡೆದವಳು. ಅವಳು ಕೂಗಿದಳು: "ಅಣ್ಣಾ, ಅಣ್ಣಾ! ನಾ ಕಣ್ಣು ಮುಚ್ಚಿಬಿಟ್ನಿ. ಇನ್ನೊಂದು ಹೊಡೀ ಯಪ್ಪಾ!"

ಮಂಟಪದಲ್ಲಿ ನಗು. ಫೋಟೋದಣ್ಣನೂ ನಕ್ಕರು. "ಆತು ನಿಂದ್ರವ್ವಾ, ನಿನ್ ಸಲುವಾಗಿ ಇನ್ನೊಂದು" ಎಂದು, ಕೈಯಿಂದ ಎಲ್ಲರನ್ನೂ ಹತ್ತಿರ ಸರಿಸಿ, ಗದ್ದ ಎತ್ತಿಸಿ, ಉಸಿರು ಹಿಡಿಸಿ, ಮತ್ತೊಮ್ಮೆ ಬೆಳಕು ಹೊಡೆದರು. ಬೆರಳು ಮತ್ತೆ ಅಲ್ಲಿಯೇ ಇತ್ತು.

ನಾನು ಎದ್ದು ಒಂದು ಮಾತು ಹೇಳಬಹುದಾಗಿತ್ತು. ಪಕ್ಕದ ಶಿಕ್ಷಕರು "ಯಾರಿವರು?" ಎಂದು ಕೇಳಿದರು. "ಮೇಸ್ತ್ರಿಯವರ ಕಡೆಯ ಕೆಲಸದವರು" ಎಂದೆ. ವ್ಯಾಕರಣದ ದೃಷ್ಟಿಯಿಂದ ಆ ವಾಕ್ಯದಲ್ಲಿ ಯಾವ ದೋಷವೂ ಇರಲಿಲ್ಲ.

ಅದೇ ವರ್ಷ ಯಾರ್ಡಿನಲ್ಲಿ ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ಹುಲಿಗೆಮ್ಮನ ಮೇಲೆ ಹರಿಯಿತು. ಮಗಳು ರೇಣುಕಾಗೆ ಎರಡು ತುಂಬಿರಲಿಲ್ಲ. ಗಂಡ ಮೊದಲೇ ಬಿಟ್ಟುಹೋಗಿದ್ದ. ಮನೆಯಲ್ಲಿ ಹುಲಿಗೆಮ್ಮನ ಒಂದು ಚಿತ್ರವೂ ಇರಲಿಲ್ಲ; ಅವಳು ಬದುಕಿನಲ್ಲಿ ಕ್ಯಾಮೆರಾದ ಎದುರು ನಿಂತದ್ದು ಸಂಡೂರಿನಲ್ಲಿ ಮಾತ್ರ. ಒಂಬತ್ತನೆಯ ದಿನ ಅವ್ವ ನನ್ನ ಬಳಿ ಬಂದು ಹೇಳಿದಳು: "ಆ ಫೋಟೋ ತಗೊಂಬಾ. ಕೂಸು ದೊಡ್ಡದಾಗಿ ನಮ್ಮವ್ವ ಹೆಂಗಿದ್ಲು ಅಂದ್ರ ಏನು ತೋರಸೋದು?"

ಇಲ್ಲವೆಂದು ನನಗೆ ಗೊತ್ತಿತ್ತು. ಇಲ್ಲವೆಂದು ಹೇಳಿದರೆ ಹೇಗೆ ಗೊತ್ತೆಂದು ಅವಳು ಕೇಳುತ್ತಾಳೆ. ಆದ್ದರಿಂದ ಹುಡುಕುತ್ತಿದ್ದಾರೆ ಎಂದೆ. ಮುಂದಿನ ವಾರವೂ ಹುಡುಕುತ್ತಿದ್ದಾರೆ ಎಂದೆ. ಹೀಗೆ ಮೂರು ತಿಂಗಳು ಕಳೆದೆ. ಒಂದು ಬೆಳಿಗ್ಗೆ, ಹತ್ತು ಯಂತ್ರಗಳು ಬಡಿಯುತ್ತಿರುವಾಗ, ಪ್ಲೈವುಡ್ಡಿನ ಆಚೆಯಿಂದ ಅವ್ವನ ದನಿ ಕೇಳಿಸಿತು. ನಾನು ಓಡಿಹೋದೆ.

"ಫೋಟೋದಣ್ಣ ಅಂದ್ರ ನೀವಾ?"

"ಹೌದವ್ವಾ. ಬರ್ರಿ, ಕುಂದ್ರಿ. ಪಾಸ್‌ಪೋರ್ಟ್ ಸೈಜೇನು?"

"ನಾ ಕುಂದ್ರಾಕ ಬಂದಿಲ್ಲ. ಸಂಡೂರಾಗ ಮೇಸ್ತ್ರಿ ಮಗಳ ಮದುವ್ಯಾಗ ನಮ್ಮ ಎಂಟು ಮಂದೀದು ಹೊಡದ್ರೆಲ್ಲ, ಅದು ಬೇಕು. ಇವ ನಮ್ ಹುಡುಗ, ಮೂರು ತಿಂಗಳಿಂದ ನಿಮ್ಮನ್ನ ಕೇಳಾಕತ್ಯಾನ. ಎಷ್ಟು ಹುಡುಕ್ತೀರಿ?"

ಅವರು ನನ್ನತ್ತ ತಿರುಗಿದರು. ನಾನು ಅವರನ್ನು ಒಮ್ಮೆಯೂ ಕೇಳಿರಲಿಲ್ಲ. ಅವ್ವನ ಕಾಲನ್ನೂ ನನ್ನ ಬೂಟನ್ನೂ ನೋಡಿದರು. ಎಲ್ಲ ಅರ್ಥವಾಗಿರಬೇಕು. "ಹೌದವ್ವಾ, ಮಾಸ್ತರು ಕೇಳ್ಯಾರ" ಎಂದರು. ನನ್ನನ್ನು ಅವರು ಉಳಿಸಿದರು. ನಾನು ಅದನ್ನೂ ಕ್ಷಮಿಸಿಲ್ಲ.

"ಅದು ಬಂದಿಲ್ಲವ್ವಾ. ಫಿಲಂ ಕೆಟ್ಟುಹೋತು."

"ಎಲ್ಲಾ ಕೆಡ್ತಾ?"

"ಎಲ್ಲಾ ಇಲ್ಲ... ಅದೊಂದು."

"ಮೇಸ್ತ್ರಿ ಮಗಳದು ಬಂದೈತಿ, ಅಳಿಯಂದು ಬಂದೈತಿ, ನಮ್ಮದೊಂದ ಕೆಟ್ಟೈತಿ. ಫಿಲಂಗೆ ನಮ್ಮ ಗುರ್ತು ಹೆಂಗ ಹತ್ತಿತೋ ಯಪ್ಪಾ?"

ಅವರು ಸ್ಟೂಲಿನ ಮೇಲೆ ಕುಳಿತರು. ನಂತರ ಇದ್ದದ್ದನ್ನು ಹೇಳಿದರು. ಈ ಪ್ರಾಮಾಣಿಕತೆಯನ್ನು ಅವರ ಲೆಕ್ಕಕ್ಕೆ ಬರೆಯಬೇಕು. ಕ್ಯಾಮೆರಾ ತಂದು ಕಿಂಡಿ ತೋರಿಸಿದರು. "ನೋಡವ್ವಾ, ಒಂದು ರೋಲಿಗೆ ಮೂವತ್ತಾರ. ಮುಂದಕ್ಕ ಹೋಗಂಗಿಲ್ಲ. ಎರಡು ರೋಲ್ ಕೊಟ್ಟಿದ್ರು. ಮಂದಿ ಐನೂರು. ನಾ ಏನು ಮಾಡ್ಲಿ? ಬ್ಯಾಡ ಅಂದ್ರ ನಿಮಗ ಬ್ಯಾಸರ. ಅದಕ್ಕ ಬೆಳಕು ಹೊಡದೆ."

ಅವ್ವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ನಮ್ಮ ಕಣ್ಣಿಗೆ ಹೊಡೀತಲ್ಲಪ್ಪಾ ಅದು?" ಎಂದಳು ಮೆಲ್ಲಗೆ. "ಕಣ್ಣು ಮುಚ್ಚಿದೆ ಅಂತ ಆಕಿ ಅಂದ್ಲು. ಇನ್ನೊಮ್ಮಿ ಹೊಡದ್ರಿ. ಆಕಿ ಸತ್ತುಹೋಗೋತನಕ ಹೇಳತಿದ್ಲು, ಎರಡನೇದ್ರಾಗ ನಾ ಚಲೋ ಬಂದಿರ್ತೀನಿ ಅಂತ."

ಅವ್ವ ಕೈ ಚಾಚಿದಳು. "ನಮ್ಮನ್ನ ಬಿಟ್ಟು ಯಾರ್ಯಾರ್ದು ಹೊಡದೀರಿ, ತೋರಸ್ರಿ."

ಅವರು ನೆಗೆಟಿವ್‌ಗಳ ಪಟ್ಟಿಗಳನ್ನು ತಂದರು. ಅವ್ವ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಬಿಳಿ ಕೂದಲಿನ ಕಪ್ಪು ಮುಖಗಳು. "ಇದೇನು?"

"ಜೀಪು."

"ಇದು?"

"ಅದೂ ಜೀಪು. ಹಿಂದ್ಲಿಂದ."

"ಇವು ಮೂರು?"

ಅವರು ತಲೆ ತಗ್ಗಿಸಿದರು. "ಬಳುವಳಿ ಪಾತ್ರಿ."

"ಕೊಡಪಾನಕ್ಕೂ ಫೋಟೋ ಐತಿ" ಎಂದಳು ಅವ್ವ. ಜಗಳವಾಡುವವರ ದನಿಯಲ್ಲ ಅದು. ಸಂತೆಯಲ್ಲಿ ತೂಕದ ಬಟ್ಟು ಮೋಸದ್ದೆಂದು ಖಚಿತವಾದಾಗ ಹೆಂಗಸರ ದನಿ ಹಾಗೆ ತಣ್ಣಗಾಗುತ್ತದೆ.

ಅವರಿಗೆ ಸಂಕಟವಾಯಿತು. ಅದು ನಟನೆಯಲ್ಲವೆಂದು ನಾನು ಬಲ್ಲೆ. ಎದ್ದು ನಿಂತು, "ಯವ್ವಾ, ಒಂದು ಮಾಡೋಣು. ಆಕಿ ತಂಗಿ ಯಾರರ ಇದ್ರ ಕರ್ಕೊಂಬರ್ರಿ. ಆಕಿ ಫೋಟೋ ತಗದು, ಬ್ರಷ್ಷಿಲೆ ತಿದ್ದಿ, ಥೇಟ್ ನಿಮ್ಮ ಗೆಳತಿ ಕಂಡಂಗ ಮಾಡಿಕೊಡ್ತೀನಿ. ಭಾಳ ಮಂದಿಗೆ ಮಾಡಿಕೊಟ್ಟೀನಿ, ಗೊತ್ತ ಆಗಂಗಿಲ್ಲ" ಎಂದರು.

"ನೀ ಸತ್ರ ನಿನ್ನ ತಮ್ಮನ ಫೋಟೋಕ್ಕ ಹಾರ ಹಾಕ್ಲೇನು?" ಎಂದಳು ಅವ್ವ.

ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ಅವಳು ನನ್ನ ಮುಖ ನೋಡದೆ ಹೇಳಿದಳು: "ನಿನಗ ಗೊತ್ತಿತ್ತು." ಅದು ಪ್ರಶ್ನೆಯಾಗಿರಲಿಲ್ಲ. ಗಾದಿಗನೂರಿನ ಬಸ್ಸು ಬಂತು, ಹತ್ತಿ ಹೋದಳು. ನಾನು ಮಹಡಿಗೆ ಮರಳಿ ಆ ದಿನದ ಪಾಠ ಮುಗಿಸಿದೆ.

ಆಮೇಲೆಯೂ ಎರಡು ವರ್ಷ ನಾವು ಅಕ್ಕಪಕ್ಕದಲ್ಲೇ ಇದ್ದೆವು. ನನ್ನ ಸಿಟ್ಟು ಆಗ ಅಷ್ಟು ದೊಡ್ಡದಾಗಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಮೂವತ್ತಾರು ಎಂಬ ಸಂಖ್ಯೆ ಅದನ್ನು ತಡೆದು ಹಿಡಿದಿತ್ತು. ಹಂಪಿಯಲ್ಲಿ ವಿದೇಶಿ ದಂಪತಿಗಳು ಕೇಳಿದರೆಂದು ಅವರು ಕಲ್ಲಿನ ಕಂಬಗಳ ನಡುವೆ ಅರ್ಧ ರೋಲು ಖರ್ಚು ಮಾಡಿ ಬಂದ ದಿನ ಕೂಡ, ಪಾಪ, ಅವರೇನು ಮಾಡಿಯಾರು, ಇರುವುದೇ ಅಷ್ಟು ಎಂದು ನನಗೆ ನಾನೇ ಹೇಳಿಕೊಂಡೆ. ಕೊರತೆಯ ಹೆಸರಿನಲ್ಲಿ ಮನುಷ್ಯ ಎಷ್ಟನ್ನೋ ಕ್ಷಮಿಸುತ್ತಾನೆ.

ನೌಕರಿಯ ಕರೆ ಬಂತು. ಊರೂರು ತಿರುಗಿ ಕಂಪ್ಲಿಯ ಕಚೇರಿಯೊಂದಕ್ಕೆ ಬಂದು ನೆಲೆಸಿದೆ. ಅಷ್ಟರಲ್ಲಿ ಫಿಲಂ ಹೋಯಿತು. ಕೆಲವು ವರ್ಷಗಳ ಹಿಂದೆ ಕಂಪ್ಲಿಯ ಗದ್ದೆಯ ಧಣಿಯೊಬ್ಬರ ಮನೆಯ ಮದುವೆಯಲ್ಲಿ ಅವರನ್ನು ಮತ್ತೆ ಕಂಡೆ. ಕೂದಲು ಬೆಳ್ಳಗಾಗಿತ್ತು, ಕುತ್ತಿಗೆಯಲ್ಲಿ ಹೊಸ ಕ್ಯಾಮೆರಾ. ನನ್ನನ್ನು ಗುರುತಿಸಿ ಅಪ್ಪಿಕೊಂಡರು. "ಮಾಸ್ತರ, ಇದು ನೋಡ್ರಿ" ಎಂದು ಕ್ಯಾಮೆರಾದ ಮೇಲಿನ ಕಿಂಡಿ ತೋರಿಸಿದರು. ಅಂಕಿಗಳ ಚಕ್ರವಿರಲಿಲ್ಲ, ಬೂದುಬಣ್ಣದ ಪಟ್ಟಿಯಲ್ಲಿ ಇನ್ನೆಷ್ಟು ಚಿತ್ರಗಳಿಗೆ ಜಾಗ ಉಳಿದಿದೆಯೆಂದು ತೋರಿಸುತ್ತಿತ್ತು. ಎಂಟುನೂರ ಹನ್ನೆರಡು. "ಈ ಕಾರ್ಡು ತುಂಬಿದ್ರ ಜೇಬಿನ್ಯಾಗ ಇನ್ನೊಂದೈತಿ. ಉಳದದ್ದೆಷ್ಟು ಅಂತ ನೋಡೋ ಕಾಲನ ಹೋತು ಬಿಡ್ರಿ. ಆವಾಗ ಹಿಂಗಿದ್ದಿದ್ರ ನಿಮ್ಮವ್ವನ ಕೈಲೆ ಬೈಸಿಕೋತಿದ್ದಿಲ್ಲ ನಾನು" ಎಂದು ನಕ್ಕರು. ನಾನೂ ನಕ್ಕೆ. ಬಹುಕಾಲದ ಭಾರವೊಂದು ಇಳಿದಂತೆ ಅನಿಸಿತು.

ಆಗ ಧಣಿಯ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರು ಆರೇಳು ಜನ ವೇದಿಕೆ ಹತ್ತಿದರು. ಅವರ ಕಾಲು ಕೆಂಪಗಿರಲಿಲ್ಲ. ಉಗುರಿನ ಸಂದುಗಳಲ್ಲಿ ಕೆಸರಿನ ಕಪ್ಪಿತ್ತು. ಫೋಟೋದಣ್ಣ ಕ್ಯಾಮೆರಾ ಎತ್ತಿದರು. ನಾನು ಅವರ ಹೆಗಲಿಗೆ ತಾಗಿ ನಿಂತಿದ್ದೆ. ತೋರುಬೆರಳು ಫ್ಲ್ಯಾಶಿನ ಬೆನ್ನಿಗೆ ಹೋಯಿತು. ಬೆಳಕು ಸಿಡಿಯಿತು. ಹೆಂಗಸರು ಸೆರಗು ಸರಿಮಾಡಿಕೊಂಡು ಇಳಿಯತೊಡಗಿದರು. ಪಟ್ಟಿಯ ಮೇಲೆ ಎಂಟುನೂರ ಹನ್ನೆರಡು ಹಾಗೆಯೇ ಇತ್ತು.

"ಯಾಕೆ?" ಎಂದೆ.

ಅವರು ಅಂಕಿಯನ್ನು ನೋಡಿದರು. ನಿಜವಾಗಿಯೂ ಆಶ್ಚರ್ಯಪಟ್ಟರು. "ಅಯ್ಯ, ಬೆರಳು ತಾನ ಹೋತು ನೋಡ್ರಿ" ಎಂದರು.

ಮೂವತ್ತಾರು ಎಂಬುದು ಎಂದೂ ಕಾರಣವಾಗಿರಲಿಲ್ಲ. ಎಂಟುನೂರು ಉಳಿದಿರುವಾಗಲೂ ಆ ಬೆರಳಿಗೆ ಯಾರು ಲೆಕ್ಕದವರು, ಯಾರು ಅಲ್ಲ ಎಂಬುದು ಯಾರೂ ಹೇಳದೆ ತಿಳಿದಿತ್ತು. ಇಪ್ಪತ್ತು ವರ್ಷ ನಾನು ಪೋಷಿಸಿಕೊಂಡು ಬಂದ ಕ್ಷಮೆಯೆಲ್ಲ ಒಂದು ಕ್ಷಣದಲ್ಲಿ ಹುಸಿಯಾಯಿತು. ಕಚೇರಿಯಲ್ಲಿ ಜವಾನನಿಗೂ ಬಹುವಚನ ಬಳಸುವವನು ನಾನು. ಆ ದಿನ ಮದುವೆಮಂಟಪದ ನಡುವೆ, ಧಣಿಗಳು, ಮೇಲಧಿಕಾರಿಗಳು ಕುಳಿತಿರುವಾಗ, ತಂದೆಯ ವಯಸ್ಸಿನ ಮನುಷ್ಯನಿಗೆ ಕೂಗಿದೆ:

"ಒತ್ತಲೇ! ಕ್ಯಾಮೆರಾ ಒತ್ತಲೇ! ಏ ಯವ್ವಾ, ಇಳೀಬ್ಯಾಡ್ರಿ, ನಿಂದ್ರಿ ಅಲ್ಲೇ!"

ಓಲಗದವರು ಕೂಡ ನಿಲ್ಲಿಸಿದರು. ಹೆಂಗಸರು ಹೆದರಿ ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು. ಫೋಟೋದಣ್ಣ ಒತ್ತಿದರು. ಎಂಟುನೂರ ಹನ್ನೊಂದು. ಹಾರವೂ ಇಲ್ಲ, ಮದುಮಕ್ಕಳೂ ಇಲ್ಲ, ಗಾಬರಿಯ ಆರೇಳು ಮುಖಗಳಷ್ಟೇ ಅದರಲ್ಲಿರಬೇಕು. ನಾನು ಊಟ ಮಾಡದೆ ಹೊರಟುಬಂದೆ. 'ಓದಿದೋನಿಗೆ ಇಷ್ಟೂ ಬುದ್ಧಿ ಇಲ್ಲ' ಎಂದು ಯಾರೋ ಹಿಂದಿನಿಂದ ಅಂದದ್ದು ಕೇಳಿಸಿತು. ಅವರೂ ನಾನೂ ಮತ್ತೆ ಮಾತನಾಡಲಿಲ್ಲ. ಈಗ ಅವರಿಲ್ಲ.

ಸಭೆಯ ಮರುದಿನ ಗಾದಿಗನೂರಿಗೆ ಹೋಗಿದ್ದೆ. ರೇಣುಕಾ ಬಂದಿದ್ದಳು. ಅವಳಿಗೀಗ ತನ್ನ ತಾಯಿ ಸತ್ತಾಗಿನ ವಯಸ್ಸಿಗಿಂತ ಹೆಚ್ಚು. ಅವಳು ಬಂದಾಗಲೆಲ್ಲ ಅವ್ವ ಹುಲಿಗೆಮ್ಮನ ಮುಖವನ್ನು ಮಾತಿನಲ್ಲಿ ಬರೆದು ತೋರಿಸುತ್ತಾಳೆ: ಉದ್ದ ಮೂಗು, ನಕ್ಕರೆ ಕಾಣುವ ಒಸಡು, ಅದಿರಿನ ಚೂರು ಸಿಡಿದು ಹುಬ್ಬಿನ ಮೇಲಾದ ಗಾಯದ ಗುರುತು. ಅಂದು ರೇಣುಕಾ ಕೇಳಿದಳು: "ಆ ಗುರ್ತು ಯಾವ ಕಡಿ ಹುಬ್ಬಿಗಿತ್ತು ದೊಡ್ಡವ್ವಾ?"

"ಎಡಕ್ಕ" ಎಂದಳು ಅವ್ವ. ಮರುಕ್ಷಣ "ಅಲ್ಲ, ಬಲಕ್ಕ" ಎಂದಳು. ಆಮೇಲೆ ತನ್ನ ಎರಡೂ ಹುಬ್ಬುಗಳನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಅವಳ ಕಣ್ಣಿನಲ್ಲಿ ಹೆದರಿಕೆ ಕಂಡಿತು. ನನ್ನ ಕಡೆ ತಿರುಗಿದಳು. "ನೀ ಇದ್ದೆಲ್ಲ ಆ ಮದುವ್ಯಾಗ, ಎದುರಿಗೇ ಇದ್ದಿ. ಆಕಿನ್ನ ನೋಡಿದ್ದೆಲ್ಲ? ಹೇಳು, ಯಾವ ಕಡಿ?"

ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಎರಡು ಸಲದ ಬೆಳಕನ್ನೂ ನೆನಪಿಗೆ ತಂದುಕೊಂಡೆ. ಎರಡು ಸಲವೂ ನಾನು ನೋಡುತ್ತಿದ್ದದ್ದು ಫೋಟೋದಣ್ಣನ ಬೆರಳನ್ನು ಮಾತ್ರ.